ಅಮ್ಮನ ಎಡಗೈ

ಈ ಬೂದಿಗೆ ವಾಸನೆಯೇ ಇಲ್ಲ, ತೋಳಿನ ಮೇಲೆ ಬಂದು ಕೂತದ್ದನ್ನು ಶಿಗೆನೊ ಎರಡು ಬೆರಳ ನಡುವೆ ಉಜ್ಜಿ ಮೂಗಿನ ಹತ್ತಿರ ಹಿಡಿದಳು, ಗೋಧಿಯ ಹೊಟ್ಟು, ಸಿಮೆಂಟು, ಒಂದಿಷ್ಟು ಇದ್ದಿಲ ಪುಡಿ, ತಣ್ಣಗಿದೆ, ಹಿಟ್ಟಿನ ಗಿರಣಿಯ ನೆಲ ಗುಡಿಸಿ ತಂದ ಹಾಗೆ, ಬೂದಿಯೆಂದರೆ ಇದಲ್ಲ, ಅವತ್ತಿನ ಬೂದಿಯ ಕಾವು ಹುಲ್ಲಿನ ಚಪ್ಪಲಿ ದಾಟಿ ಅಂಗಾಲಿಗೆ ಏರುತ್ತಿತ್ತು, ಬಾಯಿ ಬಿಗಿದು ಮುಚ್ಚಿದ್ದರೂ ನಾಲಿಗೆಗೆ ಅದರ ರುಚಿ ಸಿಗುತ್ತಿತ್ತು — ಇರಲಿ, ಇವರಿಗೆ ಹೇಳಿ ಏನು, ವಾಸನೆಯನ್ನು ಪರದೆಯ ಮೇಲೆ ಹಾಕಲು ಯಾರಿಗೂ ಬಂದಿಲ್ಲ. ನವೆಂಬರಿನ ಚಳಿ, ನಾಗಾಸಾಕಿಯ ಹೊರಗಿನ ಈ ಹಾಳು ಕಲ್ಲುಗಣಿಯಲ್ಲಿ ಗಾಳಿಗೆ ತಡೆಯಿಲ್ಲ, ಆದರೆ ಇವರ ಸಿನಿಮಾದಲ್ಲಿ ಬಾಂಬು ಬಿದ್ದ ಆಗಸ್ಟ್, ಅದಕ್ಕೆ ಗುಡ್ಡದಂಚಿನ ಮರಗಳಿಗೆ ಕಪ್ಪು ಬಟ್ಟೆ ಹೊದಿಸಿದ್ದಾರೆ, ನಟರ ಹಣೆಗೆ ಬೆವರೆಂದು ಗ್ಲಿಸರಿನ್ ಸವರಿದ್ದಾರೆ, ಸುಟ್ಟ ಗಾಯದ ಬಣ್ಣ ಬಳಿದುಕೊಂಡ ಹೆಂಗಸರು ಬೆಂಕಿ ಹಾಕಿದ ಡ್ರಮ್ಮಿನ ಸುತ್ತ ಕೂತು ಅನ್ನದ ಉಂಡೆ ತಿನ್ನುತ್ತಿದ್ದಾರೆ, ಒಬ್ಬಳ ಕೆನ್ನೆಯ ರಬ್ಬರು ಚರ್ಮ ಕಳಚಿ ಜೋತಾಡುತ್ತಿದೆ, ಅಯ್ಯೋ ನನ್ ಕೆನ್ನೆ ಉಪ್ಪಿನಕಾಯಿ ಮೇಲೆ ಬಿತ್ತು ಕಣ್ರೇ ಎನ್ನುತ್ತಾಳೆ ಅವಳು, ಮಿಕ್ಕವರು ಅನ್ನ ಗಂಟಲಿಗೆ ಸಿಕ್ಕಿ ಕೆಮ್ಮುವಷ್ಟು ನಗುತ್ತಾರೆ. ಶಿಗೆನೊಗೂ ನಗು ಬಂತು, ಬರಲಿ, ಆಗಲೂ ನಕ್ಕವರಿದ್ದರು, ಪಕ್ಕದ ಮನೆಯ ಮುದುಕ ತನ್ನ ಬೋಳು ತಲೆಗೆ ಕುಂಬಳದ ಎಲೆ ಹೊದ್ದು ನಾನು ನೋಡು ಮಲ್ಲಿಗೆ ಮದುಮಗಳು ಎಂದಿದ್ದ, ಸಂಜೆಗೆ ಸತ್ತ, ನಗಿಸಿ ಸತ್ತ, ಆದರೆ ಯಾವ ಚಿತ್ರದಲ್ಲೂ ನಾವು ನಗುವುದಿಲ್ಲ, ಮೊದಲಿಂದ ಕೊನೆಯವರೆಗೆ ಕಣ್ಣು ಆಕಾಶಕ್ಕೆ ನೆಟ್ಟು ಸಾಯುತ್ತಲೇ ಇರುತ್ತೇವೆ. ಪಕ್ಕದ ಕುರ್ಚಿಯಲ್ಲಿ ಸೋಯೆ ಚಿಕ್ಕಮ್ಮ, ಅಮ್ಮನ ತಂಗಿ, ಹೊಟ್ಟೆಯ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡು ಚರ್ಚಿನ ಮೊದಲ ಸಾಲಿನಲ್ಲಿ ಕೂತವರಂತೆ ಕೂತಿದ್ದಾಳೆ, ಲೇ ಶಿಗೆ, ಆ ಹುಡುಗಿ ನಿನ್ನ ಪಾರ್ಟು ಮಾಡೋಳಂತೆ, ನೋಡು, ನಿನಗಿಂತ ಎಷ್ಟು ಲಕ್ಷಣವಾಗಿದಾಳೆ, ನಿನ್ನ ಮೂಗು ಆಗ ಯಾವಾಗಲೂ ಸೋರ್ತಿತ್ತು. ಸೋರುತ್ತಿತ್ತು, ನಿಜ. ಅಲ್ಲಿ, ಒಡೆದ ಹೆಂಚಿನ ರಾಶಿಯ ಆಚೆ, ಬಡಗಿಗಳು ಕಟ್ಟಿ ಬೀಳಿಸಿದ ಅಡುಗೆಮನೆಯ ನಡುವೆ, ಅಮ್ಮನ ವೇಷದ ಹೆಂಗಸು ಚಾಪೆಯ ಮೇಲೆ ಮಲಗಿದ್ದಾಳೆ, ಅವಳ ಬಲಗೈಯನ್ನು ಮುಷ್ಟಿ ಮಾಡಿಸಿ ಎದೆಯ ಮೇಲಿಟ್ಟು ಬೆಳಕು ಹೊಂದಿಸುತ್ತಿದ್ದಾರೆ.

ಬಲಗೈ. ಮತ್ತೆ ಬಲಗೈ. ಮೂವತ್ತು ವರ್ಷಗಳ ಹಿಂದಿನ ಚಿತ್ರದಲ್ಲೂ ಬಲಗೈಯೇ, ಅದನ್ನು ನೋಡಿ ಇವರು ಇದನ್ನು ಮಾಡುತ್ತಿದ್ದಾರೆ, ನಕಲಿನ ನಕಲು, ಆದರೆ ಅಮ್ಮ ಎಡಚಿ, ಅದು ನಮ್ಮೂರು ಉರಾಕಮಿಯಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು, ಅತ್ತೆಮಾವನ ಎದುರಿಗೆ ಚಾಕು ಬಲಗೈಯಲ್ಲಿ ಹಿಡಿದು ಮೂಲಂಗಿಯನ್ನು ಗೋಳಾಡಿಸಿ ಕತ್ತರಿಸುವಳು, ಅವರು ಗದ್ದೆಗೆ ಹೋದರೆ ಕೈ ಬದಲಾಯಿಸುವಳು, ಆಗ ನೋಡಬೇಕು ಆ ಚಾಕು, ಹಲಗೆಯ ಮೇಲೆ ಮಳೆ ಹನಿದಂತೆ ಸದ್ದು, ಜೊತೆಗೆ ಬಾಯಲ್ಲಿ ಪ್ರಾರ್ಥನೆ, ಹಿರಿಯರು ಅರ್ಥ ಮರೆತರೂ ಶಬ್ದ ಮರೆಯದೆ ಬಾಯಿಂದ ಬಾಯಿಗೆ ದಾಟಿಸಿದ ಆ ಲ್ಯಾಟಿನ್ನೋ ಪೋರ್ತುಗೀಸೋ ಏನೋ, ಚಾಕುವಿನ ತಾಳಕ್ಕೆ ಪ್ರಾರ್ಥನೆ, ಪ್ರಾರ್ಥನೆಯ ತಾಳಕ್ಕೆ ಮೂಲಂಗಿ, ಶಿಗೆ, ತಾತನ ಮನೆಗೆ ಹೋಗಿ ಬದನೆಕಾಯಿ ತಗೊಂಡ್ ಬಾ, ಸೋಯೆ ಜೊತೆಗೆ ಹೋಗು, ಗುಡ್ಡ ಹತ್ತೋವಾಗ ಆಟ ಆಡಬೇಡ, ಅಷ್ಟೇ ಕೊನೆಯ ಮಾತು, ಬದನೆಕಾಯಿ, ಅದರಲ್ಲಿ ಕಣ್ಣೀರಿಗೆ ಏನೂ ಇಲ್ಲ, ಆದ್ದರಿಂದ ಯಾವ ಚಿತ್ರದವರೂ ಅದನ್ನು ತೆಗೆದುಕೊಳ್ಳಲಿಲ್ಲ. ಗುಡ್ಡದ ಆ ಕಡೆ ತಾತನ ಅಂಗಳದಲ್ಲಿದ್ದೆವು, ಬೆಳಕು ಬಂತು, ತಾತನ ಗೋಡೆ ಬಾಗಿತು, ನಾನು ಬುಟ್ಟಿ ಬಿಡಲಿಲ್ಲ, ಮಾರನೆಯ ದಿನ ಗುಡ್ಡ ಇಳಿದಾಗಲೂ ಬುಟ್ಟಿ ನನ್ನ ಕೈಯಲ್ಲೇ, ಕೆಳಗೆ ಊರಿರಲಿಲ್ಲ, ದೊಡ್ಡ ಚರ್ಚಿನ ಒಂದು ಗೋಡೆ ನಿಂತಿತ್ತು, ಅದರ ದಿಕ್ಕು ಹಿಡಿದು ಚಿಕ್ಕಮ್ಮ ನಮ್ಮ ಮನೆಯನ್ನು ಹುಡುಕಿದಳು, ಮಣ್ಣಿನ ಗೋಡೆ ಅಮ್ಮನ ಮೇಲೆ ಬಿದ್ದಿತ್ತು, ಆ ಗೋಡೆ ಅವಳನ್ನು ಬೆಂಕಿಗೆ ಸಿಗದಂತೆ ಮುಚ್ಚಿತ್ತು, ಮುಖ ಮುಖವಾಗಿಯೇ ಇತ್ತು, ಎಡಗೈ ಹೊರಗೆ ಚಾಚಿತ್ತು, ಮುಷ್ಟಿ. ಹೆಬ್ಬೆರಳು ಒಳಗೆ, ನಾಲ್ಕು ಬೆರಳು ಅದರ ಮೇಲೆ, ಹಸುಗೂಸು ಮುಚ್ಚಿಕೊಳ್ಳುವ ಹಾಗೆ. ಕೈ ಜೋಡಿಸಬೇಕು ಎಂದಳು ಚಿಕ್ಕಮ್ಮ, ನಮ್ಮಲ್ಲಿ ಸತ್ತವರ ಕೈ ಜೋಡಿಸದೆ ಕಳಿಸುವುದಿಲ್ಲ, ಪಾದ್ರಿಗಳು ಚರ್ಚಿನೊಳಗೇ ಸತ್ತುಹೋಗಿದ್ದರು, ಇರಲಿ, ಪಾದ್ರಿಗಳಿಲ್ಲದೆ ಪ್ರಾರ್ಥಿಸುವುದು ಉರಾಕಮಿಗೆ ಹೊಸತಲ್ಲ, ನಮ್ಮ ಧರ್ಮಕ್ಕೆ ನಿಷೇಧವಿದ್ದ ಕಾಲದಲ್ಲಿ ಏಳೆಂಟು ತಲೆಮಾರು ಹಾಗೇ ಬದುಕಿದ ಊರು, ಚಿಕ್ಕಮ್ಮ ಮಂಡಿಯೂರಿ ಕೂತು ಬೆರಳನ್ನು ಒಂದೊಂದಾಗಿ ಬಿಡಿಸಲು ನೋಡಿದಳು, ಬರಲಿಲ್ಲ, ನೀರು ಚಿಮುಕಿಸಿದಳು, ಬರಲಿಲ್ಲ, ಅಕ್ಕಾ ಬಿಡೇ, ಕೈ ಬಿಡೇ, ಜೋಡಿಸ್ಬೇಕು ಕಣೇ ಎಂದು ಬೈದಳು, ಬೆರಳು ಮುರಿಯುವ ಸದ್ದು ಬಂದೀತು ಅನ್ನಿಸಿತು ನನಗೆ, ಬಿಡು ಚಿಕ್ಕಮ್ಮ ಎಂದೆ, ಅಮ್ಮನಿಗೆ ಇಷ್ಟ ಇಲ್ಲ, ಬಿಡು. ಬಿಟ್ಟಳು. ಓಣಿಯವರನ್ನೆಲ್ಲ ಒಟ್ಟಿಗೆ ಮಲಗಿಸಿ ಮುರಿದ ತೊಲೆಗಳನ್ನು ಪೇರಿಸಿ ಬೆಂಕಿ ಇಟ್ಟರು, ಎಲ್ಲರ ಕೈಯೂ ಜೋಡಿತ್ತು, ಅಮ್ಮನದು ಮಾತ್ರ ಮುಚ್ಚಿಕೊಂಡೇ ಹೋಯಿತು.

ಅದನ್ನು ತೆರೆದವರು ಸಿನಿಮಾದವರು. ಅಮೆರಿಕದವರು ಹೊರಟುಹೋಗಿ ಬಾಂಬಿನ ಮಾತೆತ್ತದಂತೆ ಬಾಯಿಗೆ ಹಾಕಿದ ಬೀಗ ಬಿದ್ದುಹೋದ ಮೇಲೆ ಮೊದಲ ತಂಡ ಬಂತು, ಶಿಗೆನೊಗೆ ಆಗ ಹದಿನೇಳರ ಪ್ರಾಯ, ಜನ ಬೇಕು, ಒಂದು ಊಟ, ಒಂದಿಷ್ಟು ಹಣ ಎಂದು ಕೂಗಿಕೊಂಡು ಹೋದರು, ಬದುಕಿ ಉಳಿದವರೇ ಬಂದು ಸತ್ತವರ ಪಾರ್ಟು ಮಾಡಿದರು, ನಿಜವಾದ ಗಾಯದ ಮೇಲೆ ಗಾಯದ ಬಣ್ಣ, ಯಾಕೆಂದರೆ ನಿಜವಾದದ್ದು ಕಪ್ಪುಬಿಳುಪಿನಲ್ಲಿ ಎದ್ದು ಕಾಣುವುದಿಲ್ಲವಂತೆ. ಬೀಳಮ್ಮಾ, ನೀನು ಸಾಯ್ಬೇಕು, ನಡೀತಾ ನಡೀತಾ ಬೀಳ್ಬೇಕು ಎಂದು ಕಹಳೆಯಲ್ಲಿ ಕೂಗಿದರು ಅವಳಿಗೆ, ಅವಳು ಬಿದ್ದಳು, ಎದ್ದಳು, ಏಳಬಾರದು ಕಣಮ್ಮಾ, ಮತ್ತೆ ಬಿದ್ದಳು, ಕೈ ತಾನಾಗಿ ನೆಲಕ್ಕೆ ಊರಿತು, ಎದ್ದಳು, ಮೈಗೆ ಬೀಳಲು ಬರುತ್ತಿರಲಿಲ್ಲ, ಆ ದಿನವೂ ಬಿದ್ದಿರಲಿಲ್ಲವಲ್ಲ, ಕೊನೆಗೆ ಅವಳನ್ನು ಪಕ್ಕಕ್ಕೆ ಕರೆದು ಸಾಯಲು ಬರುವವಳೊಬ್ಬಳನ್ನು ಹಾಕಿಕೊಂಡರು, ಚಿಕ್ಕಮ್ಮ ಓಣಿಗೆಲ್ಲ ಹೇಳಿಕೊಂಡು ನಕ್ಕಳು, ನಮ್ಮ ಶಿಗೆಗೆ ಸಾಯೋ ಕೆಲಸಾನೂ ಸಿಗಲಿಲ್ಲ. ಪಕ್ಕಕ್ಕೆ ಕರೆದವನು ಕಥೆ ಬರೆಯುವವನು, ಒಳ್ಳೆಯವನೇ, ಚಹಾ ಕೊಟ್ಟ, ನಿಮ್ಮ ಮನೆಯಲ್ಲಿ ಯಾರು ಹೋದರು ಎಂದ, ಅವಳು ಹೇಳಿದಳು, ಗೋಡೆ, ಮುಷ್ಟಿ, ಬಿಡಿಸಲು ಬರಲಿಲ್ಲ ಎಂಬವರೆಗೆ ಹೇಳಿದಳು, ಅವನ ಕಣ್ಣು ಹೊಳೆಯಿತು, ಮುಷ್ಟಿಯಲ್ಲಿ ಏನಿತ್ತು, ಶಿಲುಬೆಯೇ, ಶಿಲುಬೆ ಇತ್ತಲ್ಲವೇ, ಎಂದ. ಅವಳು ತಲೆ ಬಗ್ಗಿಸಿದಳು. ತಲೆ ಬಗ್ಗಿಸಿ ಸುಮ್ಮನೆ ಕೂತಳು. ಟೋಕಿಯೋದವನಿಗೆ ಅದು ಹೌದು. ಉರಾಕಮಿಯಲ್ಲಿ ಮಗು ಕೂಡ ಅದನ್ನು ಇಲ್ಲ ಎಂದು ಓದುತ್ತದೆ, ಅಧಿಕಾರಿ ಕೇಳಿದರೆ ತಲೆ ಬಗ್ಗಿಸು, ಬಾಯಿ ಬಿಡಬೇಡ, ಇಲ್ಲವೆನ್ನುವುದನ್ನು ಹೊಟ್ಟೆಯೊಳಗೆ ಹೇಳು, ಇನ್ನೂರೈವತ್ತು ವರ್ಷ ವರ್ಷಕ್ಕೊಮ್ಮೆ ಊರಗೌಡನ ಅಂಗಳದಲ್ಲಿ ಕ್ರಿಸ್ತನ ಚಿತ್ರದ ಮೇಲೆ ಕಾಲಿಡಿಸುತ್ತಿದ್ದರು, ನಮ್ಮವರು ತಲೆ ಬಗ್ಗಿಸಿ ಕಾಲಿಟ್ಟು ಮನೆಗೆ ಬಂದು ಆ ಕಾಲು ತೊಳೆದು ರಾತ್ರಿಯೆಲ್ಲ ಪಶ್ಚಾತ್ತಾಪದ ಪ್ರಾರ್ಥನೆ ಹೇಳುತ್ತಿದ್ದರು, ಬಗ್ಗಿದ ತಲೆಯೊಳಗೆ ಏನಿತ್ತೆಂದು ಯಾವ ಅಧಿಕಾರಿಗೂ ಗೊತ್ತಾಗಲಿಲ್ಲ, ಅದು ಅವರನ್ನು ಉಳಿಸಿತು, ಶಿಗೆನೊಳನ್ನು ಕೆಡಿಸಿತು. ಚಿತ್ರ ಬಂದಾಗ ಓಣಿಯವರೆಲ್ಲ ಒಟ್ಟಿಗೆ ಹೋದರು, ಕತ್ತಲಲ್ಲಿ ದೊಡ್ಡ ಗಂಟಲಿನ ಹಾಡುಗಾರರ ಗುಂಪು ಹಾಡುತ್ತಿದೆ, ಬಿಳಿ ಬಲಗೈ, ಉಗುರು ಕೂಡ ಚೊಕ್ಕ, ಮಗಳು ಮುಟ್ಟಿದ್ದೇ ತಡ ಹೂವಿನ ಹಾಗೆ ಬಿಚ್ಚಿಕೊಂಡಿತು, ಒಳಗೆ ಸಣ್ಣ ಬೆಳ್ಳಿಯ ಶಿಲುಬೆ, ತಾಯಿ ಎಲ್ಲರನ್ನೂ ಕ್ಷಮಿಸಿ ಹೋದಳು ಎಂದಿತು ಒಂದು ದನಿ, ಇಡೀ ಮಂದಿರ ಅತ್ತಿತು, ಚಿಕ್ಕಮ್ಮ ಶಿಗೆನೊಳ ತೋಳಿಗೆ ಉಗುರು ನೆಟ್ಟು ಅತ್ತಳು, ಅಕ್ಕಾ ಅಕ್ಕಾ ಎಂದಳು. ಶಿಗೆನೊ ಅಳಲಿಲ್ಲ. ಯಾರೋ ಮನೆಗೆ ನುಗ್ಗಿ ಅಮ್ಮನ ಪೆಟ್ಟಿಗೆ ತೆರೆದ ಹಾಗಿತ್ತು, ತೆರೆದು ತಮ್ಮದೊಂದು ವಸ್ತು ಇಟ್ಟು ಇದು ನಿಮ್ಮದೇ ಎಂದು ಹೇಳಿ ಹೋದ ಹಾಗೆ.

ಆಮೇಲೆ ಅದೆಷ್ಟು ಚಿತ್ರ. ಬಿಳಿ ಮಂಚದ ಮೇಲೆ ರಕ್ತದ ಕಾಯಿಲೆಯಲ್ಲಿ ಸಾಯುವ ಸುಂದರ ಹುಡುಗಿ, ಅವಳಿಗೆ ಯಾವಾಗಲೂ ಮದುವೆ ಗೊತ್ತಾಗಿರುತ್ತದೆ, ಕಿಟಕಿಯಲ್ಲಿ ಯಾವಾಗಲೂ ಬಿಳಿ ಹೂವು, ನಮ್ಮಲ್ಲಿ ಕಾಯಿಲೆ ಬಿದ್ದವರು ಒಬ್ಬರೂ ಸುಂದರವಾಗಿ ಸಾಯಲಿಲ್ಲ, ಬೈದು ಸತ್ತರು, ವಾಂತಿ ಮಾಡಿ ಸತ್ತರು, ಕೆಲವರು ಸಾಯದೆ ಉಳಿದು ದಪ್ಪಗಾದರು, ನನ್ನ ಹಾಗೆ, ಮೀನು ಅರೆದು ಕರಿದು ಮಾರಿದರು, ಕಾದ ಎಣ್ಣೆ ಸಿಡಿದು ಕೈಯೆಲ್ಲ ಕಲೆ, ಅಂಗಡಿಗೆ ಬಂದ ಪ್ರವಾಸಿ ಹೆಂಗಸು ಒಮ್ಮೆ ಆ ಕಲೆ ನೋಡಿ ಕಣ್ಣಲ್ಲಿ ನೀರು ತಂದುಕೊಂಡು ಪಾಪ, ಆ ದಿನದ್ದೇ ಎಂದಳು, ಅಲ್ಲಮ್ಮ, ಈ ಮಂಗಳವಾರದ್ದು, ಬಂಗಡೆ ಬಿಸಿ ಇದೆ, ಎಷ್ಟು ಕಟ್ಟಲಿ ಎಂದೆ. ಸಮುದ್ರದಿಂದ ಎದ್ದು ಬಂದು ಪಟ್ಟಣವನ್ನು ತುಳಿಯುವ ದೊಡ್ಡ ಮೃಗದ ಚಿತ್ರಗಳು ಬಂದವು, ಬಾಂಬೇ ಆ ಮೃಗವಂತೆ, ನನ್ನ ಗಂಡನಿಗೆ ಅವೆಂದರೆ ಪ್ರಾಣ, ಅವನಿಗೂ ಅಪ್ಪ ಅಮ್ಮ ಯಾರೂ ಉಳಿದಿರಲಿಲ್ಲ, ಶಿಗೆ, ಇದು ಪರವಾಗಿಲ್ಲ ಕಣೆ, ಇದರಲ್ಲಿ ಯಾರೂ ದೇವರನ್ನ ಬೈಯೋದೂ ಇಲ್ಲ ಹೊಗಳೋದೂ ಇಲ್ಲ, ಸುಮ್ಮನೆ ಓಡ್ತಾರೆ, ಓಡಿದ್ದು ನಿಜ ಅಲ್ವಾ ಎನ್ನುತ್ತಿದ್ದ, ಹೋಗಿಬಿಟ್ಟ ಅವನೂ, ಹೊಟ್ಟೆಯ ಹುಣ್ಣಿನಲ್ಲಿ. ಇನ್ನು ಅವರದೇ ಚಿತ್ರಗಳು, ಬಾಂಬು ಹಾಕಿದ ವಿಮಾನದವರದು, ಅದರಲ್ಲಿ ಬರೀ ಮೋಡ, ಮೇಲಿನಿಂದ ನೋಡಿದ ಮೋಡ, ಬೆಳ್ಳಗೆ, ಉಕ್ಕಿದ ಹಾಲಿನ ಹಾಗೆ, ಚೆಂದ ಕೂಡ, ಎಲ್ಲ ದೂರದರ್ಶನದಲ್ಲೂ ಪ್ರತಿ ಆಗಸ್ಟಿನಲ್ಲೂ ಅದನ್ನೇ ತೋರಿಸುತ್ತಾರೆ, ಆ ಮೋಡಕ್ಕೆ ಅಡಿಯೂ ಇತ್ತು ಎನ್ನುವುದು ಆ ಚಿತ್ರಕ್ಕೆ ಗೊತ್ತಿಲ್ಲ, ಅಡಿಯಲ್ಲಿ ಅಮ್ಮ ಚಾಕು ಎಡಗೈಗೆ ಬದಲಾಯಿಸಿಕೊಂಡಿದ್ದಳೋ ಏನೋ. ಮತ್ತೆ ಆ ಮಾತು, ಹಿರೋಶಿಮಾ ಸಿಟ್ಟಾಗುತ್ತದೆ, ನಾಗಾಸಾಕಿ ಪ್ರಾರ್ಥಿಸುತ್ತದೆ, ಯಾರು ಹಂಚಿಕೊಟ್ಟರು ಇದನ್ನು, ಅವರಿಗೆ ಸಿಟ್ಟು, ನಿಮಗೆ ಪ್ರಾರ್ಥನೆ ಎಂದು, ಅದಕ್ಕೇ ನಮ್ಮೂರಿಗೆ ಬಂದ ಕ್ಯಾಮೆರಾ ಎಲ್ಲ ಮಂಡಿಯೂರಿದ ಹೆಂಗಸರನ್ನೇ ಹುಡುಕುತ್ತದೆ, ಜಪಮಾಲೆ ಹಿಡ್ಕೊಳ್ಳಿ, ಸ್ವಲ್ಪ ಬೆಳಕಿನ ಕಡೆ ತಿರುಗಿ, ಕಣ್ಣು ಮೇಲೆ. ನಾನೂ ಪ್ರಾರ್ಥಿಸುತ್ತೇನೆ, ದಿನಾ ಬೆಳಗ್ಗೆ ಎಣ್ಣೆ ಒಲೆಯ ಮೇಲಿಡುವ ಮೊದಲು ಚರ್ಚಿಗೆ ಹೋಗಿ ಮಂಡಿಯೂರುತ್ತೇನೆ, ಆದರೆ ನನ್ನ ಪ್ರಾರ್ಥನೆ ನಿಮಗೆ ಕೇಳಿಸಿದರೆ ಕ್ಯಾಮೆರಾ ತಿರುಗಿಸಿಕೊಂಡು ಹೋಗುತ್ತೀರಿ, ನಾನು ಕೇಳುತ್ತೇನೆ, ಪ್ರಭು, ಉರಾಕಮಿಯನ್ನು ಬಲಿಗೆಂದು ನೀನೇ ಆರಿಸಿಕೊಂಡೆ ಎನ್ನುತ್ತಾರೆ, ಯಾರನ್ನು ಕೇಳಿ ಆರಿಸಿಕೊಂಡೆ, ನನಗೆ ಹೇಳು, ನಾಳೆಯೂ ಬರುತ್ತೇನೆ, ನಾಳೆಯೂ ಕೇಳುತ್ತೇನೆ, ನೀನು ಉತ್ತರಿಸುವವರೆಗೆ ನಾನು ಬರುವುದನ್ನು ಬಿಡುವುದಿಲ್ಲ, ಇದು ನನ್ನ ನಂಬಿಕೆ, ಇದಕ್ಕಿಂತ ಗಟ್ಟಿಯಾದದ್ದು ನಿಮ್ಮಲ್ಲಿದ್ದರೆ ತನ್ನಿ. ಆದರೆ ಇದೊಂದು ಇದೆಯಲ್ಲ, ಇದೇ ಹೆದರಿಕೆ, ಈಚೆಗೆ ಕಣ್ಣು ಮುಚ್ಚಿದರೆ ಅಮ್ಮನ ಕೈ ಬೆಳ್ಳಗೆ ಕಾಣುತ್ತದೆ, ಪಕ್ಕದಿಂದ ಬೆಳಕು ಬಿದ್ದು, ಎಲ್ಲಿಂದಲೋ ಹಾಡು, ಬಲಗೈ, ನಾನು ತಲೆ ಕೊಡವಿ ಮತ್ತೆ ನೋಡುತ್ತೇನೆ, ಗೋಡೆ, ಮಣ್ಣು, ಎಡಗೈ, ಹೆಬ್ಬೆರಳು ಒಳಗೆ, ಹೌದು, ಇಗೋ ಸಿಕ್ಕಿತು, ಮತ್ತೆ ಜಾರುತ್ತದೆ, ಚರ್ಚಿನ ಹುಡುಗಿಯರಿಗೆ ಚಿಕ್ಕಮ್ಮ ಶಿಲುಬೆಯ ಕಥೆಯನ್ನೇ ಹೇಳುತ್ತಾಳೆ, ನಾನೇ ಬೆರಳು ಬಿಡಿಸಿದೆ, ನನ್ನ ಕಣ್ಣಾರೆ ನೋಡಿದೆ ಎನ್ನುತ್ತಾಳೆ, ಸುಳ್ಳಲ್ಲ, ಅವಳು ನೋಡಿದ್ದಾಳೆ, ಟಿಕೇಟು ತೆಗೆದುಕೊಂಡು ನೋಡಿದ್ದಾಳೆ. ಇನ್ನೊಂದು ಸಲ ತೆರೆದರೆ, ಇವತ್ತು, ಬಣ್ಣದಲ್ಲಿ, ಆಮೇಲೆ ನನ್ನ ಕಣ್ಣೊಳಗೂ ಅದೇ ಉಳಿಯುತ್ತದೆ, ಆ ಮುಷ್ಟಿ ಲೋಕದಲ್ಲಿ ಎಲ್ಲೂ ಇರುವುದಿಲ್ಲ.

ಶಿಗೆನೊ ಅವ್ರೇ, ಚಳಿ ಆಗ್ತಿಲ್ಲ ತಾನೇ ಎಂದು ಬಂದು ಬಗ್ಗಿ ನಿಂತವನು ಕುಸಾಕಾ, ಈ ಚಿತ್ರದ ನಿರ್ದೇಶಕ, ಟೋಕಿಯೋದವನು, ಕೆಟ್ಟವನಲ್ಲ, ಇವನ ಬೂಟಿನ ಮೇಲೆಲ್ಲ ಅದೇ ವಾಸನೆಯಿಲ್ಲದ ಬೂದಿ. ಮೊದಲು ಪಾಪು ಬಂದು ಮುಷ್ಟಿ ಬಿಡಿಸ್ತಾಳೆ, ಶಿಲುಬೆ ಕಾಣ್ಸುತ್ತೆ, ಅಲ್ಲಿಂದ ನಿಮ್ಮ ಮುಖಕ್ಕೆ ಬರ್ತೀವಿ, ಈಗಿನ ಶಿಗೆನೊ, ನೀವು ಕೈ ಜೋಡಿಸಿ ಒಂದೇ ಒಂದು ಮಾತು ಹೇಳಿದರೆ ಸಾಕು, ಅಮ್ಮ ಎಲ್ಲರನ್ನೂ ಕ್ಷಮಿಸಿ ಹೋದಳು, ಅಷ್ಟೇ, ಜಪಾನಿನಲ್ಲಿ ಕಣ್ಣು ಒಣಗಿರೋನು ಒಬ್ಬನೂ ಉಳಿಯಲ್ಲ, ನಾವು ಜಗತ್ತಿಗೆ ಹೇಳಬೇಕಾದ್ದು ಇದೇ ಅಲ್ವಾ, ಆಗಬಹುದಾ. ಅವಳ ತಲೆ ತಾನಾಗಿ ಬಗ್ಗಿತು. ಕುತ್ತಿಗೆಯ ಹಿಂದಿನ ಆ ಹಳೆಯ ನರ, ಯಾರ ಯಾರ ಕುತ್ತಿಗೆಯಿಂದ ಬಂದದ್ದೋ, ಕೇಳುವವನು ಬೂಟು ಹಾಕಿದ್ದರೆ ಸಾಕು ತಾನೇ ಬಗ್ಗುತ್ತದೆ, ಅವನ ಬೂಟು ಕಾಣುತ್ತಿದೆ, ಬೂಟು ಹಿಂದಕ್ಕೆ ತಿರುಗುತ್ತಿದೆ, ತುಂಬ ಥ್ಯಾಂಕ್ಸ್, ಒಪ್ಪಿದರು, ಶುರು ಮಾಡೋಣ ಎನ್ನುತ್ತಿದ್ದಾನೆ ಅವನು ಯಾರಿಗೋ, ಮತ್ತೆ ಹೌದೆಂದು ಓದಿಕೊಂಡ, ಮತ್ತೆ, ಈ ಬಗ್ಗಿದ ತಲೆಯನ್ನು ಹಿಡಿದು ಎತ್ತುವವರು ಯಾರು — ಮುತ್ತಜ್ಜಿ, ಮುತ್ತಜ್ಜಿ ಎತ್ತಿದ್ದಳು, ಕೊನೆಗೊಮ್ಮೆ ಊರಿಗೆ ಊರೇ ತಲೆ ಎತ್ತಿದಾಗ ಅವಳನ್ನೂ ಗಡೀಪಾರು ಮಾಡಿ ಹಡಗಿಗೆ ತುಂಬಿದ್ದರು, ಅದನ್ನು ನಮ್ಮವರು ಪ್ರಯಾಣ ಎನ್ನುತ್ತಾರೆ, ಯಾತ್ರೆಗೆ ಹೋಗಿ ಬಂದವರ ಹಾಗೆ, ಹಿಮದಲ್ಲಿ ಕೂರಿಸಿ ನಂಬಿಕೆ ಬಿಡ್ತೀಯೋ ಇಲ್ವೋ ಎಂದು ಕೇಳಿದರಂತೆ, ಬಗ್ಗಿದರೆ ಬಿಡುತ್ತಿದ್ದರು, ತಲೆ ಬಗ್ಗಿಸಿದರೆ ಮುಗಿಯುತ್ತಿತ್ತು, ಅವಳು ತಲೆಯೆತ್ತಿ ಬಾಯಿ ಬಿಟ್ಟು ಎಲ್ಲರಿಗೂ ಕೇಳುವ ಹಾಗೆ ಇಲ್ಲ ಎಂದಳಂತೆ, ಅಮ್ಮ ಈ ಕಥೆ ಹೇಳುವಾಗ ಆ ಒಂದು ಮಾತಿನ ಹತ್ತಿರ ಚಾಕು ನಿಲ್ಲಿಸುತ್ತಿದ್ದಳು. ಹಲಗೆಯ ಮೇಲೆ ಸದ್ದು ನಿಲ್ಲುತ್ತಿತ್ತು. ಇಲ್ಲ ಎಂದಳು ಶಿಗೆನೊ. ದನಿ ಎಲ್ಲಿಂದಲೋ ಬಂದ ಹಾಗಿತ್ತು, ಬೂಟು ನಿಂತಿತು, ಏನಂದ್ರಿ, ಇಲ್ಲ ಅಂದೆ, ಕುಸಾಕಾ ಅವ್ರೇ, ಅದರಲ್ಲಿ ಶಿಲುಬೆ ಇರಲಿಲ್ಲ. ಇತ್ತೋ ಇಲ್ಲವೋ ನಂಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಅಮ್ಮ ಕೈ ಬಿಡಲೇ ಇಲ್ಲ.

ಡ್ರಮ್ಮಿನ ಸುತ್ತಿನ ನಗು ನಿಂತಿದೆ, ಅನ್ನದುಂಡೆ ಹಿಡಿದ ಗಾಯದ ಹೆಂಗಸರು ಇತ್ತ ನೋಡುತ್ತಿದ್ದಾರೆ, ಮೊದಲು ಮಾತಾಡಿದವಳು ಚಿಕ್ಕಮ್ಮ, ಏನೇ ಇದು, ಮಾನ ಕಳೀಬೇಡ, ನೀನು ಆಗ ಇಷ್ಟುದ್ದ ಇದ್ದೆ, ಬದನೆಕಾಯಿ ಬುಟ್ಟಿ ತಬ್ಬಿಕೊಂಡು ನಿಂತಿದ್ದೆ, ಬಿಡಿಸಿದೋಳು ನಾನು, ಶಿಲುಬೆ ಇತ್ತು ಕಣೆ, ಬೆಳ್ಳೀದು, ಫಳಕ್ ಅಂತು. ಕುಸಾಕಾ ಚಿಕ್ಕಮ್ಮನತ್ತ ತಿರುಗಿದ, ಅವನ ಮುಖಕ್ಕೆ ಕಳೆ ಬಂತು, ನೋಡಿ, ಚಿಕ್ಕಮ್ಮನೋರೇ ಹೇಳ್ತಿದಾರಲ್ಲ. ಏನು ಹೇಳಲಿ ಈಗ, ಜಗಳವಾಡಲೇ, ಈ ಮುದುಕಿಯ ಕೊನೆಗಾಲದಲ್ಲಿ, ಅದೊಂದನ್ನು ಎದೆಗವಚಿಕೊಂಡು ನಿದ್ದೆ ಮಾಡುವವಳು, ಅಕ್ಕ ಕ್ಷಮಿಸಿ ಹೋದಳು ಎಂಬುದು ಅವಳಿಗೆ ಹಾಸಿಗೆ ಹೊದಿಕೆ, ಕಿತ್ತುಕೊಳ್ಳಲೇ — ಆದರೆ ಅಮ್ಮ, ಅಮ್ಮನದು ಅಮ್ಮನಿಗೆ ಬೇಡವೇ, ಶಿಗೆನೊ ಕುರ್ಚಿಯಿಂದ ಇಳಿದು ಚಿಕ್ಕಮ್ಮನ ಎದುರು ಬೂದಿಯಲ್ಲಿ ಕೂತಳು, ಆಗಲಿ ಚಿಕ್ಕಮ್ಮ, ನೀನೇ ದೊಡ್ಡವಳು, ನಾನು ಮೂಗು ಸೋರಿಸ್ಕೊಂಡು ನಿಂತಿದ್ದೆ, ನಂಗೆ ಮರೆತಿದೆ, ನೀನು ಮಾಡಿ ತೋರಿಸು, ಅಮ್ಮನ ಕೈ ಹೇಗಿತ್ತು, ಬಾಯಲ್ಲಿ ಹೇಳಬೇಡ, ಕೈ ಮಾಡು. ಅದೇನು ಮಹಾ ಎಂದು ಚಿಕ್ಕಮ್ಮ ಬಿಸಿನೀರಿನ ಚೀಲವನ್ನು ಬಲಗೈಯಿಂದ ಒತ್ತಿ ಹಿಡಿದು ಎಡಗೈ ಮುಂದೆ ಚಾಚಿದಳು. ಎಡಗೈ. ಬೆರಳುಗಳು ಮಡಚಿದವು, ಮೊದಲು ಹೆಬ್ಬೆರಳು ಒಳಗೆ ಹೋಯಿತು, ಆಮೇಲೆ ಒಂದೊಂದಾಗಿ ನಾಲ್ಕೂ ಅದರ ಮೇಲೆ ಕೂತವು, ಬಿಗಿದವು, ಗೆಣ್ಣುಗಳು ಬಿಳುಚಿದವು. ಶಿಗೆನೊ ಮುಟ್ಟಲಿಲ್ಲ. ಹೆಬ್ಬೆರಳಿನ ವಿಷಯ ಅವಳು ಯಾರಿಗೂ ಹೇಳಿರಲಿಲ್ಲ, ಆ ಕಥೆ ಬರೆಯುವವನಿಗೂ, ಗಂಡನಿಗೂ, ಪರದೆಯ ಮೇಲಿನ ಹೆಬ್ಬೆರಳು ಹೊರಗಿತ್ತು. ಚಿಕ್ಕಮ್ಮ ತನ್ನ ಕೈಯನ್ನು ತಾನೇ ನೋಡುತ್ತಿದ್ದಾಳೆ, ಬೇರೆ ಯಾರದ್ದೋ ತನ್ನ ತೋಳಿನ ತುದಿಗೆ ಬಂದು ಕೂತಂತೆ, ಅಕ್ಕಂದು ಎಡಗೈ ಅಲ್ವಾ, ಎನ್ನುತ್ತಾಳೆ ಮೆಲ್ಲಗೆ, ಬಿಡಿಸೋಕೆ ಬರಲಿಲ್ಲ ಅಲ್ವೇನೇ ಶಿಗೆ, ನೀರು ಹಾಕಿದೆ, ಬೈದೆ, ಪಾಪಿ ನಾನು, ಸತ್ತೋಳನ್ನ ಬೈದೆ, ನೀನು ಬಿಡು ಅಂದೆ. ಹ್ಞೂಂ ಚಿಕ್ಕಮ್ಮ. ಹಾಗಾದ್ರೆ ಆ ಶಿಲುಬೆ ಎಲ್ಲಿಂದ ಬಂತೇ. ಎಲ್ಲಿಂದಲೋ, ಬಿಡು, ಚೀಲ ತಣ್ಣಗಾಯ್ತು, ಬೇರೆ ನೀರು ಹಾಕಿಸ್ತೀನಿ. ಬೇಡ, ಕೂತ್ಕೋ, ಎಂದಳು ಚಿಕ್ಕಮ್ಮ, ಮುಷ್ಟಿ ಬಿಚ್ಚದೆ.

ಆದರೆ ಶಿಗೆನೊ ಅವ್ರೇ, ಎಂದ ಕುಸಾಕಾ, ಅವನ ದನಿ ಈಗ ತಗ್ಗಿದೆ, ಅವನು ಕೂಡ ಬೂದಿಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾನೆ, ಚಿತ್ರ ಹೇಗೆ ಮುಗಿಸಲಿ ನಾನು, ಮುಷ್ಟಿ ತೆರೀದೆ ಹೋದ್ರೆ ಜನ ಎದ್ದು ಹೋಗೋವಾಗ ಕೈಯಲ್ಲಿ ಏನು ತಗೊಂಡು ಹೋಗ್ತಾರೆ, ಒಳಗೇನಿತ್ತು ಅಂತ ಕೇಳ್ತಾರೆ. ಕೇಳಲಿ. ನನ್ನನ್ನ ಕೇಳ್ತಾರೆ, ಎಂದ ಅವನು. ನನ್ನನ್ನೂ ಕೇಳ್ತಾರೆ, ನಾನೂ ಕೇಳ್ತಿದೀನಿ, ಆ ದಿನದಿಂದ ದೇವರನ್ನ ಕೇಳ್ತಿದೀನಿ, ಜನಾನೂ ಒಂದಿಷ್ಟು ದಿನ ಕೇಳಲಿ, ಅಳೋದು ಸುಲಭ ಕುಸಾಕಾ ಅವ್ರೇ, ಅತ್ತು ಮೂಗು ಒರೆಸ್ಕೊಂಡು ನೂಡಲ್ಸ್ ತಿನ್ನೋಕೆ ಹೋಗ್ತಾರೆ, ನಾನು ನೋಡಿದೀನಿ, ನನ್ನ ಅಂಗಡಿ ಚಿತ್ರಮಂದಿರದ ಎದುರಿಗೇ ಇದೆ. ಕ್ಷಮೆ ಅಂದ್ರಲ್ಲ, ಅದು ಅಮ್ಮಂದು, ಕೊಟ್ಟಳೋ ಇಲ್ಲವೋ ಅವಳಿಗೆ ಗೊತ್ತು, ನಾನು ಅವಳ ಕೈಯಿಂದ ಕಿತ್ತು ಹಂಚಲ್ಲ. ಕ್ಯಾಮೆರಾದ ಮುಂದೆ ಕೈ ಜೋಡಿಸಲ್ಲ. ಚಿತ್ರಕ್ಕೆ ನನ್ನ ಹೆಸರು ಬೇಕಾದ್ರೆ ಮುಚ್ಚಿಕೊಂಡೇ ಮುಗೀಲಿ, ಇಲ್ಲದಿದ್ರೆ ಕುರ್ಚಿ ಹಿಂದೆ ನನ್ನ ಹೆಸರು ಬರೆದು ಅಂಟಿಸಿದ ಕಾಗದ ಕಿತ್ತುಬಿಡಿ, ಮಧ್ಯಾಹ್ನದ ಮೀನು ನೆನೆಸಿಟ್ಟು ಬಂದಿದೀನಿ. ಇಷ್ಟೊಂದು ಮಾತು, ನನ್ನ ಬಾಯಲ್ಲಿ, ಕುತ್ತಿಗೆ ನೋಯುತ್ತಿದೆ, ಎತ್ತಿ ಹಿಡಿದು ಅಭ್ಯಾಸವಿಲ್ಲದ ಕುತ್ತಿಗೆ. ಅವನು ಜೇಬಿನಿಂದ ಚಿತ್ರಕ್ಕೆಂದು ತಂದ ಶಿಲುಬೆ ತೆಗೆದ, ತಗಡಿನದು, ಬೆಳ್ಳಿ ಬಣ್ಣ, ನೋಡಿದ, ಮತ್ತೆ ಜೇಬಿಗೆ ಹಾಕಿಕೊಂಡ. ಎಡಗೈ ಅಂದ್ರಾ, ಎಂದ. ಶಿಗೆನೊ ಎದ್ದು ಹೆಂಚಿನ ರಾಶಿ ದಾಟಿ ಹೋದಳು, ಚಾಪೆಯ ಮೇಲಿನ ಹೆಂಗಸು ಅವಳನ್ನು ನೋಡಿ ಏಳಹೋದಳು, ಏಳಬೇಡಮ್ಮ, ಮಲಗಿರು, ಕೈ ಕೊಡು, ಆ ಕೈ ಅಲ್ಲ, ಈ ಕೈ, ತಣ್ಣಗಿದೆಯಲ್ಲ ತಾಯಿ ನಿನ್ನ ಕೈ, ಚಹಾ ಕೊಟ್ರೋ ಇಲ್ವೋ ಇವರು, ಹೆಬ್ಬೆರಳು ಒಳಗೆ ಹಾಕು, ಹಾಂ, ಅದರ ಮೇಲೆ ಇದು, ಇದು, ಇದು, ಕಿರುಬೆರಳು ಕೊನೆಗೆ, ಬಿಗಿ, ಇನ್ನೂ ಬಿಗಿ, ಆ ಪಾಪು ಬಂದು ಎಳೀತಾಳೆ, ಎಷ್ಟು ಎಳೆದರೂ ಬಿಡಬೇಡ, ಅಳ್ತಾಳೆ, ಆಗಲೂ ಬಿಡಬೇಡ. ಒಳಗೆ ಏನಿಟ್ಕೊಳ್ಳಲಿ ಅಮ್ಮ, ಏನಾದ್ರೂ ಇದ್ರೆ ಹಿಡ್ಕೊಳ್ಳೋದು ಸುಲಭ, ಎಂದಳು ಆ ಹೆಂಗಸು. ಏನಿತ್ತು ಅದರಲ್ಲಿ, ಬದನೆಯ ತೊಟ್ಟೋ, ಒಂದು ಚಿಟಿಕೆ ಉಪ್ಪೋ, ಚಾಕುವಿನ ಹಿಡಿಯಿದ್ದ ಜಾಗವೋ, ಪ್ರಾರ್ಥನೆಯ ಅರ್ಥ ಮರೆತುಹೋದ ಒಂದು ಪದವೋ, ಬರೀ ಸಿಟ್ಟೋ, ನಾಗಾಸಾಕಿಗೆ ಯಾರೂ ಹಂಚಿಕೊಡದ ಸಿಟ್ಟು, ನಿನಗೆ ಬೇಕಾದ್ದು ಇಟ್ಕೋ ತಾಯಿ, ನಂಗೂ ಹೇಳಬೇಡ. ಯಾರೋ ಕೂಗುತ್ತಿದ್ದಾರೆ, ದೀಪಗಳು ಹತ್ತುತ್ತಿವೆ, ಡ್ರಮ್ಮಿನ ಬಳಿಯ ಹೆಂಗಸರು ಕೆನ್ನೆ ಅಂಟಿಸಿಕೊಂಡು ಎದ್ದು ನಿಂತಿದ್ದಾರೆ, ಪುಟ್ಟ ಶಿಗೆನೊ ಬುಟ್ಟಿ ಹಿಡಿದು ಬರುತ್ತಿದ್ದಾಳೆ, ಮಂಡಿಯೂರುತ್ತಾಳೆ, ಎಳೆಯುತ್ತಾಳೆ, ಅಮ್ಮಾ ಬಿಡೇ ಎನ್ನುತ್ತಾಳೆ, ಯಾರೂ ಹಾಡುವುದಿಲ್ಲ, ಎಲ್ಲೂ ಹಾಡಿಲ್ಲ, ಗಾಳಿ ಮಾತ್ರ, ಎಳೆಯುತ್ತಾಳೆ, ಹಿಂದೆ ಕುರ್ಚಿಯಲ್ಲಿ ಚಿಕ್ಕಮ್ಮನ ಮುಷ್ಟಿ ಬಿಚ್ಚಿಲ್ಲ, ನನ್ನದು, ನನ್ನದು ಯಾವಾಗ ಮುಚ್ಚಿಕೊಂಡಿತು, ಎಣ್ಣೆಯ ಕಲೆಗಳ ಮೇಲೆ ಬೂದಿ, ಎಳೆಯುತ್ತಾಳೆ, ಬರುವುದಿಲ್ಲ, ಎಡಗೈ, ಹೆಬ್ಬೆರಳು ಒಳಗೆ, ಅದರ ಮೇಲೆ ನಾಲ್ಕು ಬೆರಳು, ಬರುವುದಿಲ್ಲ, ಎಡಗೈ, ಹೆಬ್ಬೆರಳು ಒಳಗೆ, ಮುಚ್ಚಿದ್ದು, ಅಮ್ಮನ ಎಡಗೈ, ಮುಚ್ಚಿದ್ದು —